ಹೆಸರು ಬದಲಾದರೆ ಏನು ಬದಲಾಗುತ್ತದೆ?

ನಮ್ಮ ತರಗತಿಯ ದಾಖಲಾತಿ ಪಟ್ಟಿಯಲ್ಲಿ ಕೆಂಪೇಗೌಡ, ಕಬ್ಬಾಳಯ್ಯ, ರಂಗಸ್ವಾಮಿ, ರೇವಣಸಿದ್ದಯ್ಯ ಎಂಬ ಹೆಸರುಗಳು ಈಗ 'ತಂದೆಯ ಹೆಸರು' ಎಂಬ ಕಾಲಂನಲ್ಲಷ್ಟೇ ಕಾಣುತ್ತವೆ. ವಿದ್ಯಾರ್ಥಿಗಳ ಕಾಲಂನಲ್ಲಿ ಚಂದನ್, ದರ್ಶನ್, ಸ್ಪಂದನಾ. ಇನ್ನು ನಮ್ಮ ಅಕ್ಕಂದಿರ ಮಕ್ಕಳ ನಾಮಕರಣದ ಕಾರ್ಡ್‌ಗಳಲ್ಲಿ ಆರಾಧ್ಯ, ಅದ್ವಿಕ್, ವಿಹಾನ್, ಕಿಯಾರಾ. ಕನಕಪುರದ ಹಳ್ಳಿಯಾಗಲಿ, ಗುರುಗ್ರಾಮದ ಅಪಾರ್ಟ್‌ಮೆಂಟ್ ಆಗಲಿ, ಮಗುವಿನ ಹೆಸರು ಒಂದೇ!

ಹಳೆಯ ಹೆಸರು ಒಂದು ವಿಳಾಸವಾಗಿತ್ತು. ಕಬ್ಬಾಳಮ್ಮ ಎಂದರೆ ಕನಕಪುರದ ಕಡೆ, ರೇವಣಸಿದ್ದಯ್ಯ ಎಂದರೆ ರಾಮನಗರದ ಬೆಟ್ಟ, ರಂಗಮ್ಮ ಎಂದರೆ ಮಾಗಡಿಯ ರಂಗನಾಥ, ಅಪ್ರಮೇಯ ಎಂದರೆ ಚನ್ನಪಟ್ಟಣದ ದೊಡ್ಡಮಳೂರು. ಈ ಹೆಸರುಗಳು ಹೋಗುತ್ತಿವೆ ಎಂದು ಹಿರಿಯರು ಬೇಸರಪಡುವುದು ಸಹಜ.

ಆದರೆ ಇದನ್ನು ಬರೀ ಫ್ಯಾಷನ್ ಎಂದು ತಳ್ಳಿಹಾಕುವಂತಿಲ್ಲ. ಆ ವಿಳಾಸದಲ್ಲಿ ಊರಿನ ಜೊತೆ ಜಾತಿಯೂ ಇರುತ್ತಿತ್ತು. ಒಬ್ಬ ಕೆಂಪಯ್ಯನನ್ನು 'ಕೆಂಪಯ್ಯನವರೇ' ಎಂದು ಕರೆದರೆ, ಇನ್ನೊಬ್ಬ ಕೆಂಪಯ್ಯನನ್ನು 'ಲೋ ಕೆಂಪ' ಎಂದು ಕರೆದ ಹಳ್ಳಿಗಳು ನಮ್ಮವು. ಅದ್ವಿಕ್ ಎಂಬ ಹೆಸರಿನಿಂದ ಕತ್ತರಿಸಲು 'ಅಯ್ಯ'ನೂ ಇಲ್ಲ, 'ಅಪ್ಪ'ನೂ ಇಲ್ಲ. ನಾಳೆ ಇಂಟರ್‌ವ್ಯೂನಲ್ಲಿ ಮಗನ ಹೆಸರು ಕೇಳಿ ಯಾರೂ ಕುಲ ಲೆಕ್ಕ ಹಾಕಬಾರದು ಎಂಬ ತಂದೆ-ತಾಯಿಯ ಆಸೆಯಲ್ಲಿ ತಪ್ಪೇನಿದೆ?

ಮಕ್ಕಳಷ್ಟೇ ಅಲ್ಲ, ನಮ್ಮ ಜಿಲ್ಲೆಯೇ ಹೆಸರು ಬದಲಿಸಿಕೊಂಡಿದೆ. ಒಂದು ಕಾಲದಲ್ಲಿ ಬ್ರಿಟಿಷ್ ಅಧಿಕಾರಿಯ ಹೆಸರಿನಲ್ಲಿ ಕ್ಲೋಸ್‌ಪೇಟೆಯಾಗಿದ್ದ ಊರು ರಾಮನಗರವಾಯಿತು, 2007ರಲ್ಲಿ ಜಿಲ್ಲೆಯಾಯಿತು. 2025ರ ಮೇ ತಿಂಗಳಲ್ಲಿ ಸಚಿವ ಸಂಪುಟ ಅದನ್ನು 'ಬೆಂಗಳೂರು ದಕ್ಷಿಣ' ಜಿಲ್ಲೆ ಎಂದು ಕರೆಯಲು ಒಪ್ಪಿತು. ಬೆಂಗಳೂರಿನ ಹೆಸರಿದ್ದರೆ ಬಂಡವಾಳ ಬರುತ್ತದೆ, ಅಭಿವೃದ್ಧಿಯಾಗುತ್ತದೆ ಎಂಬುದು ಅದಕ್ಕೆ ಕೊಟ್ಟ ಕಾರಣ. ಹೊರಗಿನವರ ಕಿವಿಗೆ ಚೆನ್ನಾಗಿ ಕೇಳಿಸಲಿ ಎಂದು ಮಗುವಿಗೆ ಹೆಸರಿಡುವವರ ತರ್ಕವೂ ಇದೇ ತಾನೆ?

ಹೊರಗಿನವರಿಗೆ ಒಪ್ಪಿಗೆಯಾಗಲು ನಮ್ಮದನ್ನು ಬಿಡಲೇಬೇಕೆ? ಬ್ರಿಟನ್ನಿನ ವೇಲ್ಸ್ ನೋಡಿ. 2021ರ ಜನಗಣತಿಯ ಪ್ರಕಾರ ಅಲ್ಲಿ ವೆಲ್ಷ್ ಭಾಷೆ ಬಲ್ಲವರು ಸುಮಾರು 5.38 ಲಕ್ಷ ಮಾತ್ರ. ಆದರೂ ಅವರ ಹಳೆಯ ಕಥೆಯಲ್ಲಿ ಬರುವ ಸಮುದ್ರದ ಮಗು 'ಡಿಲನ್' ಹೆಸರನ್ನು ಇಂದು ಅಮೆರಿಕದವರೂ ಇಡುತ್ತಾರೆ. ಓವನ್, ರೀಸ್, ಮೇಗನ್ ಕೂಡ ಅಲ್ಲಿಂದಲೇ ಬಂದವು. ಚಿಕ್ಕದಾಗಿ, ಹೇಳಲು ಸುಲಭವಾಗಿ ಇದ್ದರೂ ಬೇರು ಬಿಡದ ಹೆಸರುಗಳಿವು. 2011ರ ಜನಗಣತಿಯಲ್ಲಿ ಕನ್ನಡ ಮಾತೃಭಾಷೆಯವರು 4.37 ಕೋಟಿ. ನಮಗೆ ಹೆಸರಿನ ಬರವೇ?

ವೇಲ್ಸ್‌ನಿಂದ ಕಲಿಯಬೇಕಾದ ಇನ್ನೊಂದು ಪಾಠವೂ ಇದೆ. ಅಲ್ಲಿಯೂ ನಮ್ಮ ಇನಿಷಿಯಲ್ ಹಾಗೆ ತಂದೆಯ ಹೆಸರನ್ನೇ ಸೇರಿಸುತ್ತಿದ್ದರು. 'ಆಪ್ ರೀಸ್' ಎಂದರೆ ರೀಸನ ಮಗ. 16ನೇ ಶತಮಾನದಲ್ಲಿ ಇಂಗ್ಲಿಷ್ ಕಾನೂನು, ಆಡಳಿತ ಬಂದ ಮೇಲೆ ಖಾಯಂ ಸರ್‌ನೇಮ್ ಪದ್ಧತಿ ಬೆಳೆದು, 'ಆಪ್ ರೀಸ್' ಕ್ರಮೇಣ 'ಪ್ರೈಸ್' ಆಯಿತು. ಇಂದು ಆನ್‌ಲೈನ್ ಅರ್ಜಿಯ 'ಲಾಸ್ಟ್ ನೇಮ್' ಕಾಲಂ ಖಾಲಿ ಬಿಡಲಾಗದೆ ನಾವು ಇನಿಷಿಯಲ್ ಬಿಡಿಸಿ ಬರೆಯುತ್ತಿಲ್ಲವೇ? ಅಂಕಪಟ್ಟಿಯಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು ಇದ್ದರೆ ಕೆಲಸದ ದಾಖಲೆ ಪರಿಶೀಲನೆಯಲ್ಲಿ ಪರದಾಟ ಖಚಿತ.

ಈಗಂತೂ ಎಚ್ಚರ ಇನ್ನೂ ಹೆಚ್ಚು ಬೇಕು. 2023ರ ಅಕ್ಟೋಬರ್ 1ರಿಂದ ಜಾರಿಯಾದ ತಿದ್ದುಪಡಿಯಂತೆ, ಆ ದಿನದ ನಂತರ ಹುಟ್ಟಿದವರಿಗೆ ಶಾಲೆಯಿಂದ ಸರ್ಕಾರಿ ನೌಕರಿಯವರೆಗೆ ಜನ್ಮ ದಿನಾಂಕ, ಸ್ಥಳಕ್ಕೆ ಜನನ ಪ್ರಮಾಣಪತ್ರವೇ ಆಧಾರ. ಜನನವನ್ನು 21 ದಿನದೊಳಗೆ ತಿಳಿಸಬೇಕು. ಆದರೆ ಹೆಸರು ಸೇರಿಸಲು ಒಂದು ವರ್ಷದವರೆಗೆ ಶುಲ್ಕವಿಲ್ಲ. ಆದ್ದರಿಂದ ಸಂಖ್ಯಾಶಾಸ್ತ್ರದವರು ಹೇಳಿದರೆಂದು ಅವಸರದಲ್ಲಿ ಎರಡು 'ಎ' ಜಾಸ್ತಿ ಹಾಕಿಸುವ ಮೊದಲು ಯೋಚಿಸಲು ಸಮಯವಿದೆ.

ಹೊಸ ಹೆಸರು ಇಡಬೇಡಿ ಎಂದು ನಾನು ಹೇಳುತ್ತಿಲ್ಲ. ಹೆಸರಿನಿಂದ ಜಾತಿಯನ್ನು ಕಿತ್ತುಹಾಕೋಣ, ಜೊತೆಗೆ ಊರನ್ನೂ ಭಾಷೆಯನ್ನೂ ಕಿತ್ತುಹಾಕುವುದು ಬೇಡ. ಮುಂದಿನ ಹತ್ತು ವರ್ಷದಲ್ಲಿ ಮಕ್ಕಳಿಗೆ ಹೆಸರಿಡುವವರು ನಾವೇ. ಮೊಬೈಲ್ ಆ್ಯಪ್ ತೆರೆಯುವ ಮೊದಲು ಅಜ್ಜಿಯನ್ನು ಒಂದು ಮಾತು ಕೇಳಿದರೆ ನಷ್ಟವೇನೂ ಇಲ್ಲ.