ಅಂಕಿ ಸರಿ, ಆಧಾರ ಯಾವುದು?

ಅಭಯಾರಣ್ಯಗಳ ಸುತ್ತ ಪರಿಸರ ಸೂಕ್ಷ್ಮ ವಲಯ ಘೋಷಿಸುವ ಅಧಿಸೂಚನೆಗಳಲ್ಲಿ ಗಡಿಬಿಂದುಗಳ ಅಕ್ಷಾಂಶ, ರೇಖಾಂಶಗಳ ಪಟ್ಟಿಯನ್ನು ಲಗತ್ತಿಸುವುದು ವಾಡಿಕೆ. ತನ್ನ ತೋಟ ಗೆರೆಯ ಒಳಗೋ ಹೊರಗೋ ಎಂಬ ರೈತನ ಪ್ರಶ್ನೆಗೆ ಉತ್ತರವಿರುವುದು ಆ ಅಂಕಿಗಳಲ್ಲಿ. ಆದರೆ ಅವು ಯಾವ ಡೇಟಮ್ ಆಧರಿಸಿವೆ, ಯಾವ ಮಾನದಲ್ಲಿವೆ ಎಂಬುದು ತಿಳಿಯದಿದ್ದರೆ ಉತ್ತರವೇ ತಿರುವುಮುರುವಾಗಬಲ್ಲದು.

ಡೇಟಮ್ ಎಂದರೆ ಭೂಮಿಯ ಆಕಾರ, ಗಾತ್ರಗಳನ್ನು ಇಂತಿಷ್ಟೆಂದು ಗೊತ್ತುಪಡಿಸಿಕೊಂಡ ಅಳತೆಯ ಆಧಾರ. ಲ್ಯಾಂಬ್ಟನ್ 1802ರಲ್ಲಿ ಮದರಾಸಿನಲ್ಲಿ ಆರಂಭಿಸಿದ ಮಹಾ ತ್ರಿಕೋನಮಾಪನದ ಫಲವಾಗಿ ಜಾರ್ಜ್ ಎವರೆಸ್ಟ್ 1830ರಲ್ಲಿ ಭೂಮಿಯ ಆಕಾರವನ್ನು ಲೆಕ್ಕಹಾಕಿದರು. ಭಾರತೀಯ ಸರ್ವೇಕ್ಷಣಾ ಇಲಾಖೆಯ ಹಳೆಯ ನಕ್ಷೆಗಳು ಆ ಲೆಕ್ಕವನ್ನೇ ನೆಚ್ಚಿಕೊಂಡವು. ಅದು ಈ ಉಪಖಂಡಕ್ಕೆ ಹೊಂದುವಂತೆ ಹೊಲಿದ ಅಂಗಿ. ಜಿಪಿಎಸ್ ಬಳಸುವುದಾದರೋ ಇಡೀ ಭೂಮಿಗೆ ಅನ್ವಯಿಸುವ ಡಬ್ಲ್ಯುಜಿಎಸ್-84 ಎಂಬ ಡೇಟಮ್ಮನ್ನು. ಹಳೆಯ ನಕ್ಷೆಯಿಂದ ತೆಗೆದ ಅಂಕಿಯನ್ನು ಹಾಗೆಯೇ ಜಿಪಿಎಸ್‌ಗೆ ಕೊಟ್ಟರೆ, ಬೆಂಗಳೂರಿನ ಸುತ್ತಮುತ್ತ ಬಿಂದು ನೂರು ಮೀಟರಿಗೂ ಹೆಚ್ಚು ಸರಿದುಬಿಡುತ್ತದೆ. ಎರಡೆಕರೆ ಹಿಡುವಳಿದಾರನಿಗೆ ಇದು ಇಡೀ ಜಮೀನಿನ ಪ್ರಶ್ನೆ.

2005ರ ರಾಷ್ಟ್ರೀಯ ನಕ್ಷೆ ನೀತಿ ಸಾರ್ವಜನಿಕ ಬಳಕೆಯ ನಕ್ಷೆಗಳನ್ನು ಡಬ್ಲ್ಯುಜಿಎಸ್-84ಕ್ಕೆ ಒಗ್ಗಿಸಿತು. ಆದರೆ ಹಳೆಯ ಹಾಳೆಗಳಿಂದ ಎತ್ತಿಕೊಂಡ ಅಂಕಿಗಳು ಕಡತದಿಂದ ಕಡತಕ್ಕೆ ನಕಲಾಗುವುದನ್ನು ಯಾವ ನೀತಿಯೂ ತಡೆಯಲಾರದು.

ಮಾನದ ಗೊಂದಲ ಇನ್ನೂ ದುಬಾರಿ. 12 ಡಿಗ್ರಿ 58 ಮಿನಿಟ್ 30 ಸೆಕೆಂಡ್ ಎಂಬುದು ದಶಮಾಂಶದಲ್ಲಿ 12.975. ಅದನ್ನೇ 12.5830 ಎಂದು ಟೈಪಿಸಿದರೆ ಬಿಂದು ದಕ್ಷಿಣಕ್ಕೆ ಸುಮಾರು 43 ಕಿ.ಮೀ. ಜಿಗಿಯುತ್ತದೆ! ಮೀಟರುಗಳಲ್ಲಿ ಕೊಡುವ ಯುಟಿಎಂ ಅಂಕಿಗಳಿಗೂ ವಲಯದ ಸಂಖ್ಯೆ ಬೇಕು. 78 ಡಿಗ್ರಿ ರೇಖಾಂಶವೇ ಎಲ್ಲೆಯಾದ್ದರಿಂದ ಬೆಂಗಳೂರು 43ನೇ ವಲಯದಲ್ಲಿದ್ದರೆ ಕೋಲಾರ ಪಟ್ಟಣ 44ರಲ್ಲಿದೆ.

ಪತ್ತೆಹಚ್ಚುವ ಹಾದಿ ಇಲ್ಲದಿಲ್ಲ. ಉದ್ದನೆಯ ಪಟ್ಟಿಯಲ್ಲಿ ಬಿಂದುವಿನ ನಂತರದ ಮೊದಲೆರಡು ಅಂಕಿಗಳು, ಆಮೇಲಿನ ಎರಡೂ, ಎಲ್ಲಿಯೂ 59 ದಾಟದಿದ್ದರೆ ಅವು ಮಿನಿಟು, ಸೆಕೆಂಡುಗಳೆಂದು ಶಂಕಿಸಬೇಕು. ಡೇಟಮ್ ತಿಳಿಯಲು ಪಟ್ಟಿಯಲ್ಲಿರುವ, ನೆಲದ ಮೇಲೂ ಗುರುತಿರುವ ಗಡಿಕಲ್ಲು ಅಥವಾ ರಸ್ತೆ ಕೂಡುವ ಜಾಗಗಳಲ್ಲಿ ಜಿಪಿಎಸ್ ಹಿಡಿದು ನೋಡಬೇಕು. ಎಲ್ಲವೂ ಒಂದೇ ದಿಕ್ಕಿಗೆ, ಒಂದೇ ದೂರಕ್ಕೆ ಸರಿದಿದ್ದರೆ ಡೇಟಮ್ ಮೇಲೆ ಅನುಮಾನಪಡಲು ಕಾರಣವಿದೆ. ಮನಬಂದಂತೆ ಚದುರಿದ್ದರೆ ಅಳತೆಯದೋ ಬರವಣಿಗೆಯದೋ ತಪ್ಪಿರಬಹುದು. ಆದರೆ ಈ ಪರೀಕ್ಷೆ ನಡೆಯಬೇಕಾದದ್ದು ಅಧಿಸೂಚನೆಗೆ ಮುನ್ನ, ಇಲಾಖೆಯ ಮೇಜಿನ ಮೇಲೆ. ಕರಡಿಗೆ ಆಕ್ಷೇಪಣೆ ಸಲ್ಲಿಸಲು ಸಾಮಾನ್ಯವಾಗಿ ಸಿಗುವ 60 ದಿನಗಳಲ್ಲಿ ರೈತನೇ ಇದನ್ನು ಮಾಡಿಕೊಳ್ಳಲಿ ಎನ್ನುವುದು ನ್ಯಾಯವಲ್ಲ.