ಹೊಸ ಗೋಡೆಗೆ ಹಳೆಯ ಉಡುಗೆ: ಮೊನಾಡ್‌ನಾಕ್ ಕಟ್ಟಡ

ಜಗತ್ತಿನ ಮೊದಲ ಗಗನಚುಂಬಿ ಯಾವುದು ಎಂಬ ಪ್ರಶ್ನೆಗೆ ಸಾಮಾನ್ಯಜ್ಞಾನದ ಪುಸ್ತಕಗಳಲ್ಲಿ ಸಿದ್ಧ ಉತ್ತರವಿದೆ: ಅಮೆರಿಕದ ಶಿಕಾಗೊ ನಗರದಲ್ಲಿ 1885ರಲ್ಲಿ ಪೂರ್ಣಗೊಂಡ ಹೋಮ್ ಇನ್ಶೂರೆನ್ಸ್ ಕಟ್ಟಡ. ಹತ್ತು ಅಂತಸ್ತಿನ ಈ ಕಟ್ಟಡದ ಶಿಲ್ಪಿ ವಿಲಿಯಂ ಲೆ ಬ್ಯಾರನ್ ಜೆನ್ನಿ. 1931ರಲ್ಲಿ ಅದನ್ನು ಕೆಡವಲಾಯಿತು. ಅದರ ಭಾರವನ್ನೆಲ್ಲ ಲೋಹದ ಚೌಕಟ್ಟೇ ಹೊತ್ತಿತ್ತೇ, ಕಲ್ಲು-ಇಟ್ಟಿಗೆಯ ಗೋಡೆಯೂ ಪಾಲು ಹೊತ್ತಿತ್ತೇ ಎಂಬ ವಾದ ಮಾತ್ರ ಕಟ್ಟಡದೊಡನೆ ನೆಲಕ್ಕುರುಳಲಿಲ್ಲ. ವಿದ್ವಾಂಸರಲ್ಲಿ ಇನ್ನೂ ನಡೆದಿದೆ. ‘ಮೊದಲನೆಯದು’ ಎಂಬ ಪಟ್ಟದ ಪಾಡೇ ಅಂಥದ್ದು.

ಇತಿಹಾಸ ಹೇಗೆ ಚಲಿಸುತ್ತದೆ ಎಂಬುದನ್ನು ತಿಳಿಯಬಯಸುವವರು ಈ ಪಟ್ಟದ ಜಗಳವನ್ನು ಬದಿಗಿಟ್ಟು, ಅದೇ ನಗರದ ಜಾಕ್ಸನ್ ರಸ್ತೆಯಲ್ಲಿ ಇಂದಿಗೂ ನಿಂತಿರುವ ಮೊನಾಡ್‌ನಾಕ್ ಕಟ್ಟಡವನ್ನು ಗಮನಿಸುವುದು ಲೇಸು.

1871ರ ಮಹಾ ಅಗ್ನಿಕಾಂಡದಲ್ಲಿ ಶಿಕಾಗೊ ನಗರದ ನಡುಭಾಗ ಬೂದಿಯಾಯಿತು. ಪುನರ್ನಿರ್ಮಾಣದ ಕಾಲದಲ್ಲಿ ಅಲ್ಲಿನ ನೆಲದ ಬೆಲೆ ಏರಿತು. ಸುರಕ್ಷಿತವಾದ ಲಿಫ್ಟು ಆಗಲೇ ಬಳಕೆಗೆ ಬಂದಿತ್ತು. ಅಗಲಕ್ಕೆ ಹಬ್ಬಲಾರದ ಕಟ್ಟಡಗಳು ಎತ್ತರಕ್ಕೆ ಬೆಳೆದವು. ಬೋಸ್ಟನ್ನಿನ ಬ್ರೂಕ್ಸ್ ಸಹೋದರರಿಗಾಗಿ ಬರ್ನ್‌ಹ್ಯಾಮ್ ಮತ್ತು ರೂಟ್ ಎಂಬ ಶಿಲ್ಪಿದ್ವಯರು ರೂಪಿಸಿದ ಮೊನಾಡ್‌ನಾಕ್‌ನ ಉತ್ತರಾರ್ಧವು 1891ರಲ್ಲಿ ಪೂರ್ಣಗೊಂಡಿತು. ಅದಕ್ಕೆ ಹದಿನಾರು ಅಂತಸ್ತು. ಒಳಗೆ ಕಬ್ಬಿಣದ ಆಧಾರವಿದ್ದರೂ ಹೊರಭಾರವನ್ನು ಹೊತ್ತದ್ದು ಇಟ್ಟಿಗೆಯ ಗೋಡೆಗಳೇ. ಆ ಎತ್ತರವನ್ನು ತಾಳಲು ಬುಡದಲ್ಲಿ ಗೋಡೆ ಆರು ಅಡಿ ದಪ್ಪವಾಗಬೇಕಾಯಿತು. ಗೋಡೆ ದಪ್ಪವಾದಷ್ಟೂ ಬಾಡಿಗೆಗೆ ಕೊಡುವ ಜಾಗ ಕಿರಿದು, ಬೆಳಕೂ ಕಡಿಮೆ. ಶಿಕಾಗೊದ ಮೆತ್ತನೆಯ ಜೇಡಿಮಣ್ಣಿನಲ್ಲಿ ಕಟ್ಟಡವು ಅಂದಾಜನ್ನು ಮೀರಿ ಕುಸಿಯಿತು. ಇಟ್ಟಿಗೆ ತನ್ನ ಎಲ್ಲೆಯನ್ನು ಮುಟ್ಟಿತ್ತು.

ಎರಡೇ ವರ್ಷಗಳಲ್ಲಿ, 1893ರಲ್ಲಿ, ದಕ್ಷಿಣಾರ್ಧ ಸಿದ್ಧವಾಯಿತು. ಇದರ ಶಿಲ್ಪಿಗಳು ಹೋಲಬರ್ಡ್ ಮತ್ತು ರೋಶ್. ಇಲ್ಲಿ ಭಾರ ಹೊತ್ತದ್ದು ಉಕ್ಕಿನ ಚೌಕಟ್ಟು. ಗೋಡೆ ಅದರ ಮೇಲಿನ ಹೊದಿಕೆ ಮಾತ್ರ. ಅದು ತೆಳುವಾಯಿತು, ಕಿಟಕಿಗಳು ಹಿಗ್ಗಿದವು. ಎರಡು ಯುಗಗಳು ಬೆನ್ನಿಗೆ ಬೆನ್ನು ಹಚ್ಚಿ ನಿಂತವು.

ಆದರೆ ಸೋಜಿಗವಿರುವುದು ಈ ಎರಡು ಭಾಗಗಳ ಹೊರರೂಪದಲ್ಲಿ. ಹಳೆಯ ವಿಧಾನದ ಉತ್ತರಾರ್ಧಕ್ಕೆ ಆಭರಣವೇ ಇಲ್ಲ. ಚಾಚಿಕೊಂಡ ಅಲಂಕಾರಗಳಲ್ಲಿ ಧೂಳು ಕೂರುತ್ತದೆ, ಪಾರಿವಾಳಗಳು ನೆಲೆಸುತ್ತವೆ ಎಂಬ ಒಡೆಯರ ವ್ಯವಹಾರದ ಲೆಕ್ಕ ಇದಕ್ಕೆ ಒಂದು ಕಾರಣ. ಆ ಕಟ್ಟನ್ನೇ ಜಾನ್ ರೂಟ್ ಕಲೆಯಾಗಿಸಿದ: ಗೋಡೆ ಬುಡದಲ್ಲಿ ಮೆಲ್ಲನೆ ಬಾಗಿ ಏರುತ್ತದೆ, ನೆತ್ತಿಯಲ್ಲಿ ಹೊರಕ್ಕೆ ಅರಳುತ್ತದೆ. 1891ರ ಜನವರಿಯಲ್ಲಿ ತನ್ನ ನಲವತ್ತೊಂದನೆಯ ವಯಸ್ಸಿನಲ್ಲಿ ತೀರಿಕೊಂಡ ರೂಟ್‌ನ ಈ ಕೃತಿಯನ್ನು ಮುಂದಿನ ಶತಮಾನದ ಆಧುನಿಕರು ತಮ್ಮದೆಂದೇ ಕೊಂಡಾಡಿದರು. ಹೊಸ ವಿಧಾನದ ದಕ್ಷಿಣಾರ್ಧವಾದರೋ ಹಳೆಯ ಶೈಲಿಯ ಅಲಂಕಾರ, ಕಪೋತಗಳನ್ನು ತೊಟ್ಟು ನಿಂತಿದೆ. ಹಳೆಯ ದೇಹದಲ್ಲಿ ಹೊಸ ಚೆಲುವು. ಹೊಸ ದೇಹಕ್ಕೆ ಹಳೆಯ ಉಡುಗೆ.

ಒಂದು ಯುಗ ಮುಗಿದ ಬಳಿಕವೇ ಇನ್ನೊಂದು ಆರಂಭವಾಗುತ್ತದೆಂಬ ನಂಬಿಕೆಯನ್ನು ಈ ಕಟ್ಟಡ ಅಲ್ಲಗಳೆಯುತ್ತದೆ. ಸಾಹಿತ್ಯ ಚರಿತ್ರೆಯನ್ನು ‘ಮೊದಲಿಗರ’ ಪಟ್ಟಿಯಾಗಿ ಕಂಠಪಾಠ ಮಾಡುವ ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಿಗೂ ಇದು ಸಲ್ಲುವ ಮಾತು. ರಾಘವಾಂಕ ಷಟ್ಪದಿಗೆ ಪ್ರತಿಷ್ಠೆ ತಂದ ಹದಿಮೂರನೆಯ ಶತಮಾನದಲ್ಲಿಯೇ, 1230ರಲ್ಲಿ, ಜನ್ನ ಚಂಪುವಿನಲ್ಲಿ ‘ಅನಂತನಾಥಪುರಾಣ’ವನ್ನು ರಚಿಸಿದ. ಷಟ್ಪದಿ ಬಂದಿತು, ಚಂಪು ಹೋಯಿತು ಎಂದು ಉತ್ತರಪತ್ರಿಕೆಯಲ್ಲಿ ಬರೆದರೆ ಅಂಕ ಸಿಗಬಹುದು, ಚರಿತ್ರೆ ದಕ್ಕುವುದಿಲ್ಲ.

ಯಾವುದು ಮೊದಲು ಎಂಬ ಪ್ರಶ್ನೆಗೆ ಒಂದು ಹೆಸರು, ಒಂದು ಇಸವಿ ಸಾಕು. ಹಳತು ತನ್ನ ಮಿತಿಯನ್ನು ಎಲ್ಲಿ ಕಂಡಿತು, ಹೊಸತು ಅದರಿಂದ ಏನನ್ನು ಉಳಿಸಿಕೊಂಡಿತು ಎಂದು ಕೇಳುವವರು ಕೃತಿಯ ಮುಂದೆ ನಿಂತು ನೋಡಲೇಬೇಕು. ಹಾಗೆ ನೋಡುವುದರಿಂದಲೇ ಅಧ್ಯಯನ ತೊಡಗುತ್ತದೆ.