ಹಸಿರು ಹರಳಿನ ಬಿಲ್ಲಿಗೆ ಇನ್ನೊಂದು ಸಾಲು ಬೇಕು

‘ಗ್ರೀನ್ ಅಮೆಥಿಸ್ಟ್’ ಎಂದು ಮಾರಾಟವಾಗುವ ತಿಳಿಹಸಿರು ಹರಳು ಗಾಜಲ್ಲ, ಸಾಚಾ ಸ್ಫಟಿಕ. ಅದರ ಸರಿಯಾದ ಹೆಸರು ಪ್ರಾಸಿಯೋಲೈಟ್. ಮೋಸ್ ಮಾಪಕದಲ್ಲಿ ಗಡಸುತನ 7. ಉಂಗುರಕ್ಕೆ ಧಾರಾಳವಾಗಿ ಸಾಕು. ಬುಧನಿಗೆಂದು ಪಚ್ಚೆ ಹುಡುಕುವವರು ಮಾತ್ರ ಇದು ಬೇರೆಯದೇ ಖನಿಜ ಎಂಬುದನ್ನು ನೆನಪಿಟ್ಟುಕೊಳ್ಳಬೇಕು. ನನ್ನ ತಕರಾರು ಕಲ್ಲಿನ ಮೇಲಲ್ಲ, ಅದಕ್ಕೆ ಹಸಿರು ಬಂದ ಬಗೆಯನ್ನು ಗಿರಾಕಿಗೆ ಹೇಳದಿರುವುದರ ಮೇಲೆ. ಅಗೆದಾಗಲೇ ಹಸಿರಾಗಿರುವ ಪ್ರಾಸಿಯೋಲೈಟ್ ಪೋಲೆಂಡಿನ ಕೆಳ ಸೈಲೀಸಿಯಾದಂಥ ಕೆಲವೇ ಕಡೆ ಸಿಗುತ್ತದೆ. ಪೇಟೆಗೆ ಬರುವ ಹೆಚ್ಚಿನದು ಮನುಷ್ಯ ಹಸಿರಾಗಿಸಿದ್ದು. ನೇರಳೆ ಅಮೆಥಿಸ್ಟನ್ನು ಸುಮಾರು 500 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಸಾಮಾನ್ಯವಾಗಿ ಹಳದಿಗೆ ತಿರುಗುತ್ತದೆ. ಆದರೆ ಬ್ರೆಜಿಲ್‌ನ ಮಿನಾಸ್ ಜೆರೈಸ್ ರಾಜ್ಯದ ಮಾಂಟೆಜುಮಾದ ಕಲ್ಲು ಹಸಿರಾಗುತ್ತದೆ. ಹರಳಿನೊಳಗಿನ ತೀರ ಅಲ್ಪ ಕಬ್ಬಿಣ ಯಾವ ಸ್ಥಿತಿಯಲ್ಲಿದೆ ಎಂಬುದರ ಆಟವಿದು. 1950ರ ದಶಕದಿಂದಲೇ ವ್ಯಾಪಾರಿಗಳಿಗೆ ಇದು ಗೊತ್ತು.

ಇನ್ನೊಂದು ದಾರಿಯೂ ಇದೆ: ಕೆಲವು ಜಾತಿಯ ಸ್ಫಟಿಕಕ್ಕೆ ಗಾಮಾ ಕಿರಣ ಹಾಯಿಸಿ ಹಸಿರು ಬರಿಸುವುದು. ಇದರಿಂದ ಕಲ್ಲು ವಿಕಿರಣ ಸೂಸುವುದಿಲ್ಲ, ಆ ಭಯ ಬೇಡ. ಆದರೆ ಈ ಹಸಿರು ಬಿಸಿಲು, ಶಾಖಗಳಿಗೆ ಮಾಸುತ್ತದೆ. ಉಂಗುರ ರಿಪೇರಿಗೆ ಕೊಟ್ಟಾಗ ಅಕ್ಕಸಾಲಿಗನ ಊದುಗೊಳವೆಯ ಉರಿ ತಾಗಿದರೂ ಬಣ್ಣಕ್ಕೆ ಅಪಾಯವೇ. ಗಿರಾಕಿಯ ಬರಿಗಣ್ಣಿಗೆ ಕಾಯಿಸಿದ್ದು, ಕಿರಣ ಹಾಯಿಸಿದ್ದು ಎರಡೂ ಒಂದೇ. ಹರಳು ಬೆಳಕಿನ ಯಾವ ಭಾಗವನ್ನು ಹೀರುತ್ತದೆ ಎಂದು ನೋಡಿದರೆ ಪ್ರಯೋಗಾಲಯದಲ್ಲಿ ವ್ಯತ್ಯಾಸ ಸಿಗುತ್ತದೆ. ಅಂದರೆ ಮಾಹಿತಿ ಇರುವುದು ಮಾರುವವನ ಬಳಿ, ನಷ್ಟ ಕೊಳ್ಳುವವನ ಪಾಲಿಗೆ.

‘ಪಚ್ಚೆಗೂ ಎಣ್ಣೆ ತುಂಬುತ್ತಾರೆ, ಹಳದಿ ಹರಳು ಸಿಟ್ರಿನ್ನೂ ಬಹುಪಾಲು ಕಾಯಿಸಿದ್ದೇ, ಇದೊಂದರ ಮೇಲೇಕೆ ಕಣ್ಣು?’ ಎಂದು ವ್ಯಾಪಾರಿಗಳು ಕೇಳಬಹುದು. ಕೇಳಿದ್ದು ಸರಿ, ಹಾಗಾದರೆ ಅವುಗಳ ಬಿಲ್ಲಿನಲ್ಲೂ ಬರೆಯಲಿ. ಕಾಯಿಸುವುದು ಮೋಸವಲ್ಲ, ಮುಚ್ಚಿಡುವುದು ಮೋಸ. ಅಗ್ಗದ ಕಲ್ಲಿಗೆ ಪ್ರಮಾಣಪತ್ರ ಮಾಡಿಸಿದರೆ ಅಸಲಿಗಿಂತ ಖರ್ಚೇ ಹೆಚ್ಚು ಎಂಬ ವಾದಕ್ಕೆ ಇನ್ನೂ ತೂಕವಿದೆ. ಆದರೆ ಬೇಕಿರುವುದು ಒಂದೊಂದು ಹರಳಿಗೂ ಪ್ರಮಾಣಪತ್ರವಲ್ಲ. ಸರಕು ತರಿಸುವಾಗಲೇ ಬಣ್ಣ ಬಂದ ಬಗೆಯನ್ನು ಸಗಟು ವ್ಯಾಪಾರಿಯಿಂದ ಬರಹದಲ್ಲಿ ಕೇಳಿ ಪಡೆದರೆ ಅದೇ ಮಾತು ಚಿಲ್ಲರೆ ಅಂಗಡಿಯ ಬಿಲ್ಲಿಗೂ ಇಳಿಯುತ್ತದೆ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2018ರ ಮಾರ್ಗಸೂಚಿಯಲ್ಲಿ ‘ಗ್ರೀನ್ ಅಮೆಥಿಸ್ಟ್’ ಎಂಬ ಹೆಸರನ್ನೇ ದಾರಿತಪ್ಪಿಸುವ ಹೆಸರುಗಳ ಸಾಲಿಗೆ ಸೇರಿಸಿತು. ನಮ್ಮ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯೂ ಸರಕಿನ ಗುಣದ ಬಗ್ಗೆ ಸುಳ್ಳು ಹೇಳುವುದನ್ನು ಅನುಚಿತ ವ್ಯಾಪಾರವೆನ್ನುತ್ತದೆ. ಚಿನ್ನದ ಹಾಲ್‌ಮಾರ್ಕನ್ನು ಭೂತಗನ್ನಡಿ ಹಿಡಿದು ನೋಡುವ ನಾವು, ಅದೇ ಉಂಗುರದ ಕಲ್ಲಿಗೆ ಬಾಯಿಮಾತನ್ನು ಒಪ್ಪುತ್ತೇವೆ. ಆ ಮುದ್ರೆ ಲೋಹದ ಶುದ್ಧತೆಯದು, ಕಲ್ಲಿನದಲ್ಲ. ‘ಪ್ರಾಸಿಯೋಲೈಟ್, ಕಾಯಿಸಿ ಬಣ್ಣ ಬರಿಸಿದ್ದು’ ಎಂದೋ ‘ಕಿರಣ ಹಾಯಿಸಿದ್ದು, ಬಿಸಿಲಿಗೆ ಮಾಸಬಹುದು’ ಎಂದೋ ಬರೆಸಿಕೊಂಡೇ ದುಡ್ಡು ಎಣಿಸುವುದು ಒಳ್ಳೆಯದು.